ಹೊಸದಾಗಿ ಸ್ಮಾರ್ಟ್‌ವಾಚ್ ಕಟ್ಟಿಕೊಂಡವರಿಗೆ ನಿತ್ಯದ ಪ್ರಯೋಜನವೇನು?

ರಾಯಚೂರು ಶಿಕ್ಷಕಿ:

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ನನಗೊಂದು ಸ್ಮಾರ್ಟ್‌ವಾಚ್ ಕಳುಹಿಸಿದ್ದಾನೆ. ಬೆಲೆ ಎರಡು ಸಾವಿರ ರೂಪಾಯಿಯ ಆಸುಪಾಸು. ನನ್ನದು ಆಂಡ್ರಾಯ್ಡ್ ಫೋನ್. ಜೋಡಿಸಿದ ಗಳಿಗೆಯಿಂದ ಕೈಗೆ ಬಿಡುವೇ ಇಲ್ಲವಾಗಿದೆ. ಬಂಧುಗಳ ಗುಂಪಿನ ಶುಭೋದಯ, ಸಾಲ ಬೇಕೇ ಎಂದು ಕೇಳುವ ಸಂದೇಶ, ಗ್ಯಾಸ್ ಸಿಲಿಂಡರ್ ಬುಕಿಂಗ್, ಎಲ್ಲದಕ್ಕೂ ಒಂದೇ ತೆರನಾಗಿ ಮುಂಗೈ ನಡುಗುತ್ತದೆ. ಪೆಟ್ಟಿಗೆಯ ಮೇಲೆ ಹೃದಯ ಬಡಿತ, ಬಿಪಿ, ರಕ್ತದ ಆಮ್ಲಜನಕ, ನಿದ್ರೆ, ನೂರಕ್ಕೂ ಹೆಚ್ಚು ಕ್ರೀಡೆಗಳು ಎಂದು ಉದ್ದನೆಯ ಪಟ್ಟಿಯೇ ಇದೆ. ಆದರೆ ಬೆಳಿಗ್ಗೆ ಅಡುಗೆ ಮುಗಿಸಿ, ಬಸ್ಸು ಹಿಡಿದು ಶಾಲೆಗೆ ಹೋಗಿ, ಸಂಜೆ ಮನೆ ಸೇರುವ ನನ್ನಂಥವಳಿಗೆ ಇದರಲ್ಲಿ ನಿಜವಾಗಿ ಒದಗುವುದು ಯಾವುದು, ಬರೀ ಜಾಹೀರಾತಿನ ಮಾತು ಯಾವುದು ಎಂಬುದು ತಿಳಿಯುತ್ತಿಲ್ಲ. ನಮ್ಮ ಯಜಮಾನರಿಗೆ ಬಿಪಿ, ಶುಗರ್ ಎರಡೂ ಇವೆ. ಅವರ ಕೈಗೆ ಕಟ್ಟಿ ಆಗಾಗ ನೋಡಿಕೊಳ್ಳಬಹುದೇ ಎಂಬ ಆಸೆಯೂ ಇದೆ. ಬಳಸಿ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ತೋರಣಗಲ್ಲು ಪಾಳಿ ಕೆಲಸಗಾರ:

ಅಕ್ಕನವರೇ, ಮೊದಲು ಅದರ ಬಾಯಿ ಮುಚ್ಚಿಸಿ. ವಾಚಿನ ಆ್ಯಪ್‌ನಲ್ಲಿ ನೋಟಿಫಿಕೇಶನ್ ಎಂಬ ವಿಭಾಗವಿರುತ್ತದೆ. ಅಲ್ಲಿ ಎಲ್ಲವನ್ನೂ ಆಫ್ ಮಾಡಿ, ಆಮೇಲೆ ಕರೆ ಮತ್ತು ಎಸ್ಎಂಎಸ್ ಎರಡನ್ನು ಮಾತ್ರ ಆನ್ ಮಾಡಿಕೊಳ್ಳಿ. ವಾಟ್ಸ್ಆ್ಯಪ್ ಬೇಕೇಬೇಕೆನಿಸಿದರೆ ಗದ್ದಲದ ಗುಂಪುಗಳನ್ನು ಫೋನಿನಲ್ಲೇ ಆರ್ಕೈವ್‌ಗೆ ಹಾಕಿಬಿಡಿ. ಇಷ್ಟು ಮಾಡಿದ ಮೇಲೆ ಕೈ ನಡುಗಿತೆಂದರೆ ಯಾರೋ ನಿಮ್ಮನ್ನೇ ಹುಡುಕುತ್ತಿದ್ದಾರೆಂದು ಅರ್ಥ, ಆಗ ಮಾತ್ರ ವಾಚಿಗೆ ಬೆಲೆ.

ನನ್ನ ಮಟ್ಟಿಗೆ ಇದರ ಅತಿ ದೊಡ್ಡ ಉಪಕಾರವೆಂದರೆ ಸದ್ದಿಲ್ಲದ ಅಲಾರಂ. ಎ ಶಿಫ್ಟ್ ಇರುವ ವಾರ ನಾನು ನಸುಕಿನಲ್ಲೇ ಏಳಬೇಕು. ಮೊದಲು ಫೋನಿನ ಅಲಾರಂ ಹೊಡೆದರೆ ಮಕ್ಕಳು, ಮುದುಕರು ಎಲ್ಲರೂ ಎದ್ದು ಕೂರುತ್ತಿದ್ದರು, ಈಗ ಮುಂಗೈ ಮಾತ್ರ ಏಳಿಸುತ್ತದೆ. ಗದ್ದಲದ ಶೆಡ್ಡಿನಲ್ಲಿ ಜೇಬಿನ ಫೋನ್ ಎಷ್ಟು ಬಡಿದುಕೊಂಡರೂ ಕೇಳಿಸುವುದಿಲ್ಲವಾದ್ದರಿಂದ ಮನೆಯಿಂದ ಬಂದ ಕರೆ ತಿಳಿಯುವುದೂ ಇದರಿಂದಲೇ. ಆದರೆ ನನ್ನಂತೆ ಕಾರ್ಖಾನೆಯಲ್ಲಿ ದುಡಿಯುವವರು ಒಂದು ಮಾತು ನೆನಪಿಡಬೇಕು: ತಿರುಗುವ ಯಂತ್ರ, ಬೆಲ್ಟ್, ಎಲೆಕ್ಟ್ರಿಕಲ್ ಪ್ಯಾನೆಲ್ ಇರುವ ಕಡೆ, ಅಂದರೆ ಉಂಗುರ ಮತ್ತು ಕಡಗ ಬೇಡವೆನ್ನುವ ಕಡೆಯಲ್ಲೆಲ್ಲ, ವಾಚನ್ನೂ ಬಿಚ್ಚಿಡಬೇಕು. ಸೇಫ್ಟಿಯವರು ಕೇಳಲಿ, ಬಿಡಲಿ.

ಕುಷ್ಟಗಿ ದಾಳಿಂಬೆ ಬೆಳೆಗಾರ:

ಹೊಲದ ಕಡೆಯಿಂದ ನನ್ನದೂ ಒಂದು ಅನುಭವ ಸೇರಿಸುತ್ತೇನೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಇದ್ದಾಗ ನೀರು ಬಿಡುವವನಿಗೆ ನಿದ್ದೆಯೆಂಬುದು ಇರುವುದಿಲ್ಲ. ಆದ್ದರಿಂದ ನಮ್ಮ ಕಡೆ ಅನೇಕರು ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಕೂಡಿಸಿಕೊಂಡಿದ್ದೇವೆ. ಕರೆಂಟ್ ಬಂದಾಗ, ಇಲ್ಲವೇ ಬೋರ್‌ವೆಲ್ಲಿನಲ್ಲಿ ನೀರು ಇಳಿದು ಮೋಟಾರ್ ತಾನಾಗಿ ನಿಂತಾಗ ಅದು ಫೋನಿಗೆ ಕರೆ ಮಾಡುತ್ತದೆ. ಆ ಒಂದು ನಂಬರ್ ಬಿಟ್ಟು ಬೇರಾವುದೂ ರಾತ್ರಿ ಹತ್ತರ ನಂತರ ವಾಚಿಗೆ ಬಾರದಂತೆ ಫೋನಿನ ಡು ನಾಟ್ ಡಿಸ್ಟರ್ಬ್‌ನಲ್ಲಿ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಫೋನ್ ತಲೆದೆಸೆಯ ಗೂಡಿನಲ್ಲಿ ಸುಮ್ಮನಿರುತ್ತದೆ, ಕೈ ಅಲುಗಿದರೆ ಎದ್ದು ಕೂತು ವಾಲ್ವ್ ತಿರುಗಿಸಲು ಹೊರಡುತ್ತೇನೆ. ಆದರೆ ಬ್ಲೂಟೂತ್ ನಂಟು ಸುಮಾರು ಹತ್ತು ಮೀಟರಿಗೆ ಸೀಮಿತ. ಫೋನ್ ಶೆಡ್ಡಿನಲ್ಲಿಟ್ಟು ತೋಟದ ಆಚೆ ತುದಿಗೆ ಹೋದರೆ ವಾಚು ಬರೀ ಗಡಿಯಾರವಾಗಿ ಉಳಿಯುತ್ತದೆ.

ಹೆಜ್ಜೆಯ ಲೆಕ್ಕವನ್ನು ಮಾತ್ರ ಯಾರೂ ತೀರ ನಂಬಬೇಡಿ. ಅದು ಕೈಯ ಅಲುಗಾಟವನ್ನು ನೋಡಿ ಹೆಜ್ಜೆಯೆಂದು ಊಹಿಸುವ ಯಂತ್ರ. ಟ್ರ್ಯಾಕ್ಟರ್ ಮೇಲೆ ಕೂತು ರಂಟೆ ಹೊಡೆದರೆ ನಾನು ಊರೆಲ್ಲ ನಡೆದೆನೆಂದು ಶಹಬ್ಬಾಸ್ ಹೇಳುತ್ತದೆ. ಎರಡೂ ಕೈಯಲ್ಲಿ ತಳ್ಳುಗಾಡಿ ಹಿಡಿದು ನಿಜವಾಗಿ ನಡೆದಾಗ ಅರ್ಧ ಹೆಜ್ಜೆಯನ್ನೂ ಎಣಿಸುವುದಿಲ್ಲ.

ಬಳ್ಳಾರಿ ಲ್ಯಾಬ್ ತಂತ್ರಜ್ಞೆ:

ಶಿಕ್ಷಕಿಯವರು ಕೇಳಿದ ಬಿಪಿ ಮತ್ತು ಶುಗರ್ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಅದು ಜೀವದ ಪ್ರಶ್ನೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ವಾಚನ್ನು ತಿರುಗಿಸಿ ಹಿಂಬದಿಯನ್ನು ನೋಡಿ. ಹಸಿರು ದೀಪಗಳು ಮಿನುಗುತ್ತಿರುತ್ತವೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಮುಂಗೈಯ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಂಬಿ ಹೆಚ್ಚು ಬೆಳಕು ಹೀರಲ್ಪಡುತ್ತದೆ, ಎರಡು ಬಡಿತಗಳ ನಡುವೆ ಕಡಿಮೆ. ಮರಳಿ ಬರುವ ಬೆಳಕಿನ ಈ ಏರಿಳಿತವನ್ನು ಎಣಿಸಿ ವಾಚು ನಾಡಿಬಡಿತವನ್ನು ಹೇಳುತ್ತದೆ. ಸುಮ್ಮನೆ ಕೂತಾಗ ಈ ಲೆಕ್ಕ ಸಾಕಷ್ಟು ಸರಿಯಾಗಿರುತ್ತದೆ. ವಾಚು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಿನಷ್ಟು ಮೇಲಿರಬೇಕು, ಜಾರದಷ್ಟು ಬಿಗಿಯಾಗಿರಬೇಕು. ಬಳೆಗಳ ನಡುವೆ ಸಡಿಲವಾಗಿ ಜೋತುಬಿದ್ದ ವಾಚು ಏನನ್ನಾದರೂ ತೋರಿಸೀತು.

ಬಿಪಿಯ ವಿಷಯ ಹಾಗಲ್ಲ. ತೋಳಿನ ಪಟ್ಟಿ ಉಬ್ಬಿ, ರಕ್ತದ ಹರಿವನ್ನು ಒತ್ತಿ ತಡೆದು, ಮತ್ತೆ ಬಿಡುವಾಗ ಸಿಗುವ ಸಂಜ್ಞೆಯಿಂದ ಯಂತ್ರ ಒತ್ತಡವನ್ನು ಅಳೆಯುತ್ತದೆ. ಎರಡು ಸಾವಿರದ ವಾಚಿನಲ್ಲಿ ಒತ್ತುವ ಭಾಗವೇ ಇಲ್ಲ. ಅದು ನಾಡಿಯ ಅಲೆಯ ಆಕಾರ ನೋಡಿ ಒಂದು ಅಂದಾಜು ಸಂಖ್ಯೆಯನ್ನು ಬರೆಯುತ್ತದೆ. ಸ್ಯಾಮ್‌ಸಂಗ್‌ನ ದುಬಾರಿ ವಾಚುಗಳಲ್ಲಿ ಸಹ ಈ ಸೌಲಭ್ಯ ಬಳಸಬೇಕಾದರೆ ತೋಳಿಗೆ ಕಟ್ಟುವ ಯಂತ್ರದೊಡನೆ ಪ್ರತಿ 28 ದಿನಕ್ಕೊಮ್ಮೆ ಹೋಲಿಸಿ ಹೊಂದಿಸಿಕೊಳ್ಳಬೇಕೆಂದು ಕಂಪನಿಯೇ ಹೇಳುತ್ತದೆ. ನಿಮ್ಮ ವಾಚಿನಷ್ಟೇ ಬೆಲೆಗೆ ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರ ಮೆಡಿಕಲ್ ಶಾಪಿನಲ್ಲಿ ದೊರೆಯುತ್ತದೆ, ನಿಮ್ಮ ಯಜಮಾನರಿಗೆ ಅದನ್ನು ಕೊಡಿಸಿ.

ಶುಗರ್ ವಿಷಯದಲ್ಲಿ ಇನ್ನೂ ಕಟುವಾಗಿ ಹೇಳಬೇಕಾಗಿದೆ. ಚರ್ಮಕ್ಕೆ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆನ್ನುವ ಯಾವ ವಾಚಿಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಅವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಜನರನ್ನು ಎಚ್ಚರಿಸಿತು. ತಪ್ಪು ಸಂಖ್ಯೆ ನೋಡಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ತೋಳಿಗೆ ಅಂಟಿಸುವ, ಚರ್ಮದೊಳಗೆ ಸಣ್ಣ ತಂತು ಇಳಿಸುವ ಸೆನ್ಸರ್‌ನ ಲೆಕ್ಕವನ್ನು ಕೆಲವು ವಾಚುಗಳು ಪರದೆಯ ಮೇಲೆ ತೋರಿಸುವುದುಂಟು. ಅಲ್ಲಿ ಅಳೆಯುವುದು ಸೆನ್ಸರೇ ಹೊರತು ವಾಚಲ್ಲ.

ಸಿಂಧನೂರು ರೈಸ್‌ಮಿಲ್ ಲೆಕ್ಕಿಗ:

ಮೇಡಂ ಅವರ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ನನ್ನದೂ ಕಡಿಮೆ ಬೆಲೆಯ ವಾಚೇ, ಡಾಕ್ಟರ ಬಳಿ ಬಿಪಿ ನೋಡಿಸಿದಾಗಲೆಲ್ಲ ವಾಚಿನ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಬಡವರ ವಾಚು ಎಂದ ಮಾತ್ರಕ್ಕೆ ಎಲ್ಲವೂ ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಬಳ್ಳಾರಿ ಲ್ಯಾಬ್ ತಂತ್ರಜ್ಞೆ:

ಸರ್, ಬೆಲೆಯ ಮಾತಲ್ಲ ಇದು. ನಿಮ್ಮ ಬಿಪಿ ಸಹಜವಾಗಿ 120/80ರ ಹತ್ತಿರವಿದ್ದರೆ, ಯಾವಾಗಲೂ ಆ ಹತ್ತಿರದ ಸಂಖ್ಯೆಯನ್ನೇ ತೋರಿಸುವ ವಾಚು ಸಹ ನಿಮ್ಮ ಪಾಲಿಗೆ ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆಯಾಗುವುದು ಬಿಪಿ ಏರಿದವರ ಕೈಯಲ್ಲಿ. ನಮ್ಮ ಲ್ಯಾಬಿಗೆ ಬಂದಿದ್ದ ಹಿರಿಯರೊಬ್ಬರು ವಾಚು ತೋರಿಸಿ ತಮಗೇನೂ ತೊಂದರೆಯಿಲ್ಲ ಎನ್ನುತ್ತಿದ್ದರು. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಕೂಡಲೇ ಡಾಕ್ಟರ ಬಳಿ ಕಳುಹಿಸುವಂತಿತ್ತು. ಬಿಡುವಿದ್ದಾಗ ನಿಮ್ಮ ವಾಚನ್ನು ಒಂದು ಸೌತೆಕಾಯಿಗೆ ಕಟ್ಟಿ ಬಿಪಿ ಒತ್ತಿ ನೋಡಿ. ನಮ್ಮಲ್ಲಿ ಒಬ್ಬರ ವಾಚು ಸೌತೆಕಾಯಿಗೂ ನಾಡಿಬಡಿತ ತೋರಿಸಿತು, ಬಿಪಿಯನ್ನೂ ಬರೆಯಿತು; ಸೌತೆಕಾಯಿ ಪೂರ್ಣ ಆರೋಗ್ಯವಾಗಿತ್ತು.

ಹಾಗೆಂದು ಆರೋಗ್ಯದ ಭಾಗವನ್ನೆಲ್ಲ ಕಸಕ್ಕೆ ಹಾಕಬೇಕಾಗಿಲ್ಲ. ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತವನ್ನು ವಾರಗಟ್ಟಲೆ ನೋಡುತ್ತಾ ಬಂದರೆ ನಿಮ್ಮ ಸಹಜ ಮಟ್ಟ ಯಾವುದೆಂದು ತಿಳಿಯುತ್ತದೆ. ಜ್ವರ, ನಿದ್ದೆಗೇಡು, ನೀರಡಿಕೆಯಿಂದ ಸೊರಗಿದ ದಿನಗಳಲ್ಲಿ ಅದು ಏರುವುದೂ ಕಣ್ಣಿಗೆ ಬೀಳುತ್ತದೆ. ಒಂದು ಸಲದ ಸಂಖ್ಯೆಗಿಂತ ದಿನಗಳು ಕಳೆದಂತೆ ಆಗುವ ಬದಲಾವಣೆಯನ್ನು ಗಮನಿಸಿ. ಇಸಿಜಿ ಇರುವ ಮೇಲ್ದರ್ಜೆಯ ವಾಚುಗಳು ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯ ತಪ್ಪಿದ ಬಡಿತದ ಸುಳಿವನ್ನು ಕೊಡಬಲ್ಲವು. ಆದರೆ ತನ್ನ ವಾಚು ಹೃದಯಾಘಾತವನ್ನು ಪತ್ತೆ ಮಾಡಲಾರದೆಂದು ಆ್ಯಪಲ್ ಕಂಪನಿಯೇ ಸ್ಪಷ್ಟವಾಗಿ ಬರೆದಿದೆ. ಎದೆನೋವು ಬಂದವರು ವಾಚು ನೋಡುತ್ತಾ ಕೂಡಬಾರದು, 108ಕ್ಕೆ ಕರೆ ಮಾಡಬೇಕು.

ಗಂಗಾವತಿ ಮೊಬೈಲ್ ಅಂಗಡಿ:

ಮಾರುವವನ ಕಡೆಯಿಂದಲೂ ಕೆಲವು ಮಾತು ಕೇಳಿ. ರಿಪೇರಿಗೆಂದು ನನ್ನ ಕೌಂಟರಿಗೆ ಬರುವ ವಾಚುಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ, ಚಾರ್ಜಿಂಗ್ ಪಿನ್ನಿನ ಮೇಲೆ ಬೆವರಿನ ಉಪ್ಪು ಕಟ್ಟಿರುತ್ತದೆ. ವಾಚಿನ ಬೆನ್ನಿಗೆ ಎರಡೋ ನಾಲ್ಕೋ ಚಿನ್ನದ ಬಣ್ಣದ ಚುಕ್ಕೆಗಳಿರುತ್ತವೆ; ಬೇಸಿಗೆಯಲ್ಲಿ ಅವುಗಳ ಸುತ್ತ ಹಸಿರು ಬಣ್ಣದ ಕಿಲುಬು ಕೂತು ಮ್ಯಾಗ್ನೆಟ್ ಅಂಟಿದರೂ ಚಾರ್ಜ್ ಏರುವುದಿಲ್ಲ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿ, ಮೆತ್ತಗಿನ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಚಾರ್ಜರ್ ಕಳೆದುಕೊಳ್ಳಬೇಡಿ, ಒಂದೊಂದು ಮಾದರಿಗೆ ಒಂದೊಂದು ತೆರನಾದ ಪಿನ್ ಇರುವುದರಿಂದ ಪೇಟೆಯೆಲ್ಲ ಸುತ್ತಿದರೂ ಅದೇ ಜೋಡಿ ಸಿಗುವುದು ಕಷ್ಟ.

ಬಿಸಿಲಿನ ವಿಷಯ ಹೇಳಲೇಬೇಕು. ಆ್ಯಪಲ್ ತನ್ನ ಸಾಮಾನ್ಯ ಮಾದರಿಯ ವಾಚುಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಪರಿಸರದಲ್ಲಿ ಬಳಸಲು ಸೂಚಿಸುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಹೊಸದೇನಲ್ಲ. ಲಿಥಿಯಂ ಬ್ಯಾಟರಿಗೆ ಕಾವು ಶತ್ರು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಡುವುದು, ಅಟ್ಟದ ಕೆಳಗಿನ ಕಾದ ಕೋಣೆಯಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕುವುದು, ಇವೆರಡನ್ನೂ ತಪ್ಪಿಸಿ ರಾತ್ರಿಯೋ ಮುಂಜಾನೆಯೋ ಚಾರ್ಜ್ ಮಾಡಿ. ಸಿಲಿಕಾನ್ ಬೆಲ್ಟಿನ ಅಡಿಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ತುರಿಸಿದರೆ ವಾಚಿನ ಕಿರಣದಿಂದ ಆಯಿತೆಂದು ಹೆದರುವವರಿದ್ದಾರೆ; ಬಟ್ಟೆಯ ಬೆಲ್ಟಿಗೆ ಬದಲಾಯಿಸಿ, ತೊಳೆದು ಒಣಗಿಸಿ ಕಟ್ಟಿದರೆ ಅದು ಕಡಿಮೆಯಾಗುತ್ತದೆ.

ನೀರಿನ ವಿಷಯದಲ್ಲಿ, ಧೂಳು ಮತ್ತು ನೀರು ತಡೆಯುವ ದರ್ಜೆಯಾದ ಐಪಿ68 ಎಂದು ಬರೆದಿರುವುದನ್ನು ಓದಿ ಹೊಂಡಕ್ಕೆ ಧುಮುಕಬೇಡಿ. ಆ ಪರೀಕ್ಷೆ ನಿಂತ ಸಿಹಿನೀರಿನಲ್ಲಿ ನಡೆಯುತ್ತದೆ. ಬಿಸಿನೀರಿನ ಸ್ನಾನ, ಸೋಪು, ಆವಿ ಇವು ರಬ್ಬರಿನ ಸೀಲನ್ನು ಸಡಿಲಗೊಳಿಸುತ್ತವೆ, ಮತ್ತು ನೀರು ಹೊಕ್ಕ ವಾಚಿಗೆ ವಾರಂಟಿ ಕೇಳಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೈ ತೊಳೆಯಲು, ಮಳೆಗೆ ಅಡ್ಡಿಯಿಲ್ಲ.

ಇನ್ನು ಕನ್ನಡ. ಕೊಳ್ಳುವ ಮುನ್ನ ಅಂಗಡಿಯಲ್ಲೇ ನಿಮ್ಮ ಫೋನ್ ಜೋಡಿಸಿ, ಒಂದು ಕನ್ನಡ ಸಂದೇಶ ತರಿಸಿ ನೋಡಿ. ಕಡಿಮೆ ಬೆಲೆಯ ಹಲವು ವಾಚುಗಳಲ್ಲಿ ಕನ್ನಡದ ಅಕ್ಷರಗಳೇ ಇರುವುದಿಲ್ಲ, ಸಾಲಾಗಿ ಖಾಲಿ ಚೌಕಗಳು ಕಾಣುತ್ತವೆ. ಅಕ್ಷರಗಳಿದ್ದರೂ ಒತ್ತು ಕೂಡಿಸಲು ಬಾರದ ವಾಚು ‘ಅಕ್ಕಿ ತನ್ನಿ’ ಎಂಬುದನ್ನು ಒತ್ತುಗಳನ್ನೆಲ್ಲ ಬಿಡಿಸಿ, ಗುಡಿಸುಗಳನ್ನು ಪಕ್ಕಕ್ಕೆಸೆದು ತೋರಿಸುತ್ತದೆ. ಮನೆಯವರು ತರಲು ಹೇಳಿದ್ದೇನೆಂದು ತಿಳಿಯಲು ಮತ್ತೆ ಫೋನನ್ನೇ ತೆಗೆಯಬೇಕು. ಗೂಗಲ್‌ನ ವೇರ್ ಓಎಸ್ ಎಂಬ ತಂತ್ರಾಂಶ ಇರುವ ವಾಚುಗಳಲ್ಲಿ, ಆ್ಯಪಲ್ ವಾಚಿನಲ್ಲಿ ಕನ್ನಡ ಸರಿಯಾಗಿ ಬರುತ್ತದೆ; ಆದರೆ ಅವುಗಳ ಬ್ಯಾಟರಿ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಮುಗಿಯುತ್ತದೆ, ಆ್ಯಪಲ್ ವಾಚಂತೂ ಐಫೋನ್ ಇಲ್ಲದೆ ಜೋಡಣೆಯೇ ಆಗುವುದಿಲ್ಲ.

ಕೊಪ್ಪಳ ನಿವೃತ್ತ ಬ್ಯಾಂಕ್ ನೌಕರ:

ಎಲ್ಲವನ್ನೂ ಓದಿದೆ. 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸಲು ತೊಡಗಿದ ಎಚ್ಎಂಟಿ ಕಂಪನಿಯ ಕೀಲಿ ಕೊಡುವ ವಾಚನ್ನೇ ಇಂದಿಗೂ ಕಟ್ಟುವವನು ನಾನು. ಅದು ಸಮಯ ಹೇಳುತ್ತದೆ, ಉಪದೇಶ ಹೇಳುವುದಿಲ್ಲ. ಸೊಸೆ ತಂದುಕೊಟ್ಟ ಸ್ಮಾರ್ಟ್‌ವಾಚನ್ನು ಬೆಳಗಿನ ವಾಕಿಂಗಿಗೆ ಮಾತ್ರ ಕಟ್ಟುತ್ತೇನೆ. ಜೊತೆಗಾರರಲ್ಲಿ ಕೆಲವರು ಹತ್ತು ಸಾವಿರ ಹೆಜ್ಜೆ ಮುಗಿಯದಿದ್ದರೆ ರಾತ್ರಿ ಊಟವಾದ ಮೇಲೆ ಹಾಲಿನಲ್ಲೇ ಅತ್ತಿಂದಿತ್ತ ಓಡಾಡುತ್ತಾರೆ. ಈ ಹತ್ತು ಸಾವಿರ ಯಾವ ವೈದ್ಯರೂ ಬರೆದುಕೊಟ್ಟ ಸಂಖ್ಯೆಯಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕಿಟ್ಟ ಹೆಸರಿನಿಂದ ಹುಟ್ಟಿಕೊಂಡದ್ದು. 2022ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ, ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಅರವತ್ತು ದಾಟಿದವರಿಗೆ ದಿನಕ್ಕೆ ಆರರಿಂದ ಎಂಟು ಸಾವಿರ ಹೆಜ್ಜೆಯ ಹೊತ್ತಿಗೇ ಲಾಭ ಹೆಚ್ಚುಕಡಿಮೆ ತುದಿ ಮುಟ್ಟುತ್ತದೆ. ಹೀಗಾಗಿ ನನ್ನ ವಾಚಿನ ಗುರಿಯನ್ನು ಏಳು ಸಾವಿರಕ್ಕೆ ಇಳಿಸಿಕೊಂಡಿದ್ದೇನೆ.

ಲೆಕ್ಕ ಎಷ್ಟು ಸರಿಯೆಂದು ನೋಡಬೇಕಾದರೆ ಆನೆಗೊಂದಿಯ ಬಳಿಯ ಅಂಜನಾದ್ರಿಗಿಂತ ಒಳ್ಳೆಯ ಜಾಗವಿಲ್ಲ. ಮೆಟ್ಟಿಲು 575 ಎಂದು ಎಲ್ಲರೂ ಬಲ್ಲರು. ಕೈಬೀಸಿ ಹತ್ತಿದವರ ವಾಚು ಅದರ ಹತ್ತಿರದ ಸಂಖ್ಯೆ ತೋರಿಸಿದರೆ, ಕಂಬಿ ಹಿಡಿದು ಹತ್ತಿದ ನನ್ನಂಥ ಮುದುಕನ ವಾಚು ಬಹಳ ಕಡಿಮೆ ತೋರಿಸಿತು. ಕ್ಯಾಲೊರಿಯ ಲೆಕ್ಕವನ್ನಂತೂ ಓದಲೇಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳ ನಾಡಿಬಡಿತದ ತಪ್ಪು ಶೇ. 5ರೊಳಗಿತ್ತು, ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಅಷ್ಟು ಕ್ಯಾಲೊರಿ ಸುಟ್ಟೆನೆಂದು ನಂಬಿ ದಾರಿಯಲ್ಲಿ ಮಿರ್ಚಿ ತಿಂದು ಬರುವವರನ್ನು ದಿನವೂ ನೋಡುತ್ತೇನೆ.

ರಾಯಚೂರು ಎಂಜಿನಿಯರಿಂಗ್ ವಿದ್ಯಾರ್ಥಿ:

ಯಾರೂ ಮುಟ್ಟದ ಒಂದು ವಿಷಯವಿದೆ. ವಾಚಿನ ಆ್ಯಪ್ ಮೊದಲ ಸಲ ತೆರೆದಾಗ ಸಂಪರ್ಕ ಪಟ್ಟಿ, ಎಸ್ಎಂಎಸ್, ಲೊಕೇಶನ್, ಮೈಕ್ ಎಂದು ಸಾಲಾಗಿ ಅನುಮತಿ ಕೇಳುತ್ತದೆ, ನಾವು ಓದದೆ ಒಪ್ಪುತ್ತೇವೆ. ಕರೆ ಬಂದಾಗ ಹೆಸರು ಕಾಣಲು ಸಂಪರ್ಕ ಪಟ್ಟಿ ಬೇಕು, ಒಪ್ಪೋಣ. ಎಲ್ಲ ಹೊತ್ತಿನಲ್ಲೂ ಲೊಕೇಶನ್ ಏಕೆ ಬೇಕು? ‘ಆ್ಯಪ್ ಬಳಸುವಾಗ ಮಾತ್ರ’ ಎಂಬುದನ್ನು ಆರಿಸಿ. ಎಸ್ಎಂಎಸ್ ತೋರಿಸುವ ವಾಚಿನಲ್ಲಿ ಬ್ಯಾಂಕಿನ ಓಟಿಪಿಯೂ ಮುಂಗೈ ಮೇಲೆ ಬಂದು ನಿಲ್ಲುತ್ತದೆ, ಬಸ್ಸಿನಲ್ಲಿ ಪಕ್ಕದವರಿಗೂ ಕಾಣುತ್ತದೆ. ಸಂದೇಶದ ಪಠ್ಯ ಮರೆಮಾಡುವ ಸೌಲಭ್ಯವಿದ್ದರೆ ಬಳಸಿ, ಇಲ್ಲದಿದ್ದರೆ ಎಸ್ಎಂಎಸ್ ಆಫ್ ಮಾಡಿ ಕರೆಯನ್ನಷ್ಟೇ ಉಳಿಸಿಕೊಳ್ಳಿ. ಇನ್ನೊಂದು, ಮೇಡಂ ಅವರು ಪರೀಕ್ಷಾ ಮೇಲ್ವಿಚಾರಣೆಗೆ ಹೋಗುವ ದಿನ ಅದನ್ನು ಮನೆಯಲ್ಲೇ ಬಿಡಬೇಕು.

ರಾಯಚೂರು ಶಿಕ್ಷಕಿ:

ಎಲ್ಲರಿಗೂ ಧನ್ಯವಾದಗಳು. ನೋಟಿಫಿಕೇಶನ್‌ಗಳನ್ನು ಮುಚ್ಚಿದ್ದೇನೆ, ಈಗ ಕರೆ ಬಂದಾಗ ಮಾತ್ರ ಅಲುಗುತ್ತದೆ. ಸೌತೆಕಾಯಿಯ ಪ್ರಯೋಗವನ್ನು ಎಂಟನೆಯ ತರಗತಿಯ ಮಕ್ಕಳ ಮುಂದೆಯೇ ಮಾಡಿದೆ, ವಿಜ್ಞಾನದ ಆ ಪಾಠ ಅವರು ಮರೆಯಲಾರರು. ಯಜಮಾನರಿಗೆ ಬಿಪಿ ಯಂತ್ರ ತರಿಸಿದ್ದೇವೆ. ಈಗ ಉಳಿದದ್ದು ಒಂದು ಪ್ರಶ್ನೆ: ಮಾನ್ವಿಯಲ್ಲಿ ನಮ್ಮ ತಾಯಿ ಒಬ್ಬರೇ ಇರುತ್ತಾರೆ, ವಯಸ್ಸು ಎಪ್ಪತ್ತು ದಾಟಿದೆ. ಬಿದ್ದರೆ ತಾನೇ ಕರೆ ಮಾಡುವ ವಾಚು ಉಂಟಂತೆ. ನನ್ನದನ್ನೇ ಅವರಿಗೆ ಕೊಟ್ಟರೆ ಆದೀತೇ?

ಗಂಗಾವತಿ ಮೊಬೈಲ್ ಅಂಗಡಿ:

ನಿಮ್ಮ ಬೆಲೆಯ ವಾಚಿನಿಂದ ಅದನ್ನು ನಿರೀಕ್ಷಿಸಬೇಡಿ, ಅಕ್ಕನವರೇ. ಎಸ್ಓಎಸ್ ಎಂದು ಬರೆದಿದ್ದರೂ ಬಟನ್ ಒತ್ತಿದಾಗ ಪಕ್ಕದಲ್ಲಿರುವ ಫೋನಿನಿಂದ ಒಂದು ನಂಬರಿಗೆ ಕರೆ ಹೋಗುತ್ತದೆ, ಅಷ್ಟೇ. ಆ್ಯಪಲ್ ವಾಚಿನಲ್ಲಿ ಬಿದ್ದದ್ದನ್ನು ಗುರುತಿಸುವ ಸೌಲಭ್ಯವಿದೆ, ವಯಸ್ಸು 55 ಅಥವಾ ಹೆಚ್ಚೆಂದು ನಮೂದಿಸಿದವರಿಗೆ ಅದು ತಾನಾಗಿಯೇ ಆನ್ ಆಗಿರುತ್ತದೆ. ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತುರ್ತು ಸೇವೆಗೆ ಕರೆ ಮಾಡಲು ತೊಡಗುತ್ತದೆ. ಅದಕ್ಕೂ ಐಫೋನ್ ಹತ್ತಿರವಿರಬೇಕು, ಇಲ್ಲವೇ ಇ-ಸಿಮ್ (ವಾಚಿನೊಳಗೇ ಅಡಕವಾದ ಸಿಮ್) ಇರುವ ಮಾದರಿಯೇ ಆಗಬೇಕು. ಪ್ರತಿದಿನ ಚಾರ್ಜ್ ಮಾಡಿ ಕಟ್ಟಿಕೊಳ್ಳುವುದು ತಾಯಿಯವರಿಂದ ಆದೀತೇ ಎಂಬುದನ್ನು ಮೊದಲು ಯೋಚಿಸಿ.

ಬಳ್ಳಾರಿ ಲ್ಯಾಬ್ ತಂತ್ರಜ್ಞೆ:

ಒಂದು ಮಾತು ಸೇರಿಸಲೇಬೇಕು. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಮುಂಗೈ ಮೇಲೆ ಹಚ್ಚೆ ಇರುವುದುಂಟು. ದಟ್ಟವಾದ ಹಚ್ಚೆಯ ಶಾಯಿ ಹಸಿರು ಬೆಳಕನ್ನು ತಡೆಯುವುದರಿಂದ ವಾಚಿಗೆ ನಾಡಿ ಸಿಗುವುದಿಲ್ಲ. ವಾಚು ಕಟ್ಟೇ ಇಲ್ಲವೆಂದು ಭಾವಿಸಿ ಕೆಲವು ಮಾದರಿಗಳು ಲಾಕ್ ಆಗುವುದೂ ಉಂಟು. ತಾಯಿಯವರ ಯಾವ ಕೈಯಲ್ಲಿ ಹಚ್ಚೆ ಇಲ್ಲವೆಂದು ನೋಡಿ, ಆ ಕೈಗೆ ಕಟ್ಟಿ ಪರೀಕ್ಷಿಸಿದ ನಂತರವೇ ದುಡ್ಡು ಕೊಡಿ. ಎರಡೂ ಕೈಯಲ್ಲಿದ್ದರೆ ಆ ಹಣದಲ್ಲಿ ದೊಡ್ಡ ಗುಂಡಿಗಳ ಕೀಪ್ಯಾಡ್ ಫೋನ್ ಕೊಡಿಸಿ, ಒಂದು ಗುಂಡಿಗೆ ನಿಮ್ಮ ನಂಬರ್, ಇನ್ನೊಂದಕ್ಕೆ ಪಕ್ಕದ ಮನೆಯವರ ನಂಬರ್ ಹಾಕಿ, ಕೊರಳಿಗೆ ದಾರ ಕಟ್ಟಿ ಕೊಡಿ.